ಒಂದೊಂದಾಗಿ ಸರಿ, ಒಟ್ಟಿಗೆ ಹಾಕಿದರೆ ಜಗಳ: ಗೇಮ್ ಮಾಡ್‌ಗಳನ್ನು ಹೊಂದಿಸುವ ಬಗೆ

ಕಾಫಿ ಮಾಡ್ ಒಂದನ್ನೇ ಹಾಕಿದರೆ ಆಟ ಚೆನ್ನಾಗಿ ನಡೆಯುತ್ತದೆ. ಮಳೆ ಮಾಡ್ ಒಂದನ್ನೇ ಹಾಕಿದರೂ ತೊಂದರೆ ಇಲ್ಲ. ಎರಡನ್ನೂ ಒಟ್ಟಿಗೆ ಹಾಕಿ ನೋಡಿ. ಮಳೆ ಸುರಿದರೂ ಕಾಫಿ ಗಿಡ ಹೂ ಬಿಡುವುದಿಲ್ಲ. ಮಳೆ ನಿಂತ ಮೇಲೆ ಆಟಗಾರನ ಓಟದ ವೇಗವೇ ಏರುಪೇರಾಗಿರುತ್ತದೆ. ಹಾಗಂತ ಎರಡು ಮಾಡ್‌ಗಳಲ್ಲಿ ಯಾವುದನ್ನೇ ಬಿಚ್ಚಿ ನೋಡಿದರೂ ತಪ್ಪು ಸಿಗುವುದಿಲ್ಲ. ಬರೆದವರು ಇಬ್ಬರೂ ಜಾಣರೇ. ತಪ್ಪು ಇರುವುದು ಎರಡರ ನಡುವೆ, ಯಾರೂ ಬರೆಯದ ಜಾಗದಲ್ಲಿ.

ಗೊತ್ತಿಲ್ಲದವರಿಗೆ ಒಂದು ಮಾತು. ಆಟ ತಯಾರಿಸಿದವರಲ್ಲದ ಹೊರಗಿನವರು ಆಟಕ್ಕೆ ಸೇರಿಸುವ ತುಣುಕಿಗೆ ಮಾಡ್ ಅನ್ನುತ್ತಾರೆ. ಹೊಸ ಮರ, ಹೊಸ ಪ್ರಾಣಿ, ಹೊಸ ನಿಯಮ, ಏನು ಬೇಕಾದರೂ ಆಗಬಹುದು. ಉದಾಹರಣೆಗೆ ಇಲ್ಲಿ ಲುವಾಂಟಿಯನ್ನು ಹಿಡಿದುಕೊಳ್ಳುತ್ತೇನೆ. 2010ರಲ್ಲಿ ಮೈನ್‌ಟೆಸ್ಟ್ ಅಂತ ಶುರುವಾಗಿ, 2024ರಲ್ಲಿ ಹೆಸರು ಬದಲಾಯಿಸಿಕೊಂಡ ಎಂಜಿನ್, ಅಂದರೆ ಆಟಗಳನ್ನು ಓಡಿಸುವ ಪ್ರೋಗ್ರಾಮು, ಇದು. ಮೈನ್‌ಕ್ರಾಫ್ಟ್ ಥರದ ಚೌಕ ಚೌಕ ಬ್ಲಾಕ್‌ಗಳ ಲೋಕ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಒಂದು ಲ್ಯಾಪ್‌ಟಾಪ್ ಸರ್ವರ್ ಆದರೆ ಉಳಿದವರು ಮನೆಯ ವೈಫೈ ಇಂದಲೇ ಸೇರಿಕೊಳ್ಳಬಹುದು, ಇಂಟರ್ನೆಟ್ ಬೇಡ. ಜುಲೈ ತಿಂಗಳಲ್ಲಿ ಮಳೆಗೆ ಶಾಲೆ ರಜೆ ಕೊಟ್ಟು, ನೆಟ್‌ವರ್ಕ್ ಕೂಡ ಕೈಕೊಟ್ಟ ಕೊಡಗಿನ ಮನೆಗೆ ಇದಕ್ಕಿಂತ ಒಳ್ಳೆ ಆಟ ಸಿಗುವುದು ಕಷ್ಟ. ಕರೆಂಟ್ ಇರಬೇಕು ಅಷ್ಟೇ.

ಇದರ ಮಾಡ್‌ಗಳನ್ನು ಬರೆಯುವುದು ಲುವಾ ಭಾಷೆಯಲ್ಲಿ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಒಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪುಟ್ಟ ಭಾಷೆ ಅದು. ದೊಡ್ಡ ಪ್ರೋಗ್ರಾಮಿನ ಒಳಗೆ ಸುಲಭವಾಗಿ ಕೂರುತ್ತದೆ ಅಂತಲೇ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಫ್ಯಾಕ್ಟೋರಿಯೊದಂಥ ಆಟಗಳೂ ಅದನ್ನೇ ಇಟ್ಟುಕೊಂಡಿವೆ.

ಈಗ ಹೀಗೆ ಅಂದುಕೊಳ್ಳಿ. ಸಿದ್ದಾಪುರದ ಕಡೆಯ ಒಬ್ಬ ಹುಡುಗ ಕಾಫಿ ಮಾಡ್ ಬರೆದ. ಪೊನ್ನಂಪೇಟೆಯ ಒಬ್ಬಳು ಕರಿಮೆಣಸಿನ ಬಳ್ಳಿಯ ಮಾಡ್ ಬರೆದಳು. ಭಾಗಮಂಡಲದ ಮೂರನೆಯವನು ಬರೆದಿದ್ದು, ಇನ್ನೇನು, ಮಳೆ ಮಾಡ್. ಮೂವರಿಗೂ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲ. ಮೂರನ್ನೂ ಒಂದೇ ಲೋಕಕ್ಕೆ ಹಾಕಿ ಆಡುವವರು ನೀವು. ಇದು ಕೆಲಸ ಮಾಡಬೇಕಾದರೆ ಮೂವರೂ ಮೊದಲೇ ಏನು ಮಾಡಿರಬೇಕು? ಪ್ರಶ್ನೆ ಇಷ್ಟೇ.

ಮೊದಲೆಲ್ಲ ಇದಕ್ಕೆ ಉತ್ತರವೇ ಇರಲಿಲ್ಲ. 1996ರಲ್ಲಿ ಬಂದ ಕ್ವೇಕ್ ಆಟ ತೆಗೆದುಕೊಳ್ಳಿ. ಆಟದ ನಿಯಮಗಳನ್ನೆಲ್ಲ ಕ್ವೇಕ್‌ಸಿ ಎಂಬ ಭಾಷೆಯಲ್ಲಿ ಬರೆದು, ಅಷ್ಟನ್ನೂ ಪ್ರೋಗ್ಸ್.ಡ್ಯಾಟ್ ಅನ್ನುವ ಒಂದೇ ಫೈಲಾಗಿ ಕಂಪೈಲ್ ಮಾಡುತ್ತಿದ್ದರು, ಅಂದರೆ ಯಂತ್ರ ಓದುವ ರೂಪಕ್ಕೆ ತಿರುಗಿಸುತ್ತಿದ್ದರು. ಮಾಡ್ ಮಾಡುವುದು ಅಂದರೆ ಆ ಫೈಲನ್ನೇ ಪೂರ್ತಿ ಬದಲಾಯಿಸುವುದು. ಒಬ್ಬ ಹೊಸ ಬಂದೂಕು ಸೇರಿಸಿದ, ಇನ್ನೊಬ್ಬ ಹೊಸ ರಾಕ್ಷಸನನ್ನು ತಂದ. ಎರಡೂ ಬೇಕು ಅಂದರೆ ಇಬ್ಬರ ಸೋರ್ಸ್ ಕೋಡ್ ತಂದು, ಕೈಯಲ್ಲೇ ಬೆರೆಸಿ, ಮತ್ತೆ ಕಂಪೈಲ್ ಮಾಡಬೇಕಿತ್ತು. ಸಾಮಾನ್ಯ ಆಟಗಾರನ ಕೈಲಾಗುವ ಕೆಲಸ ಅಲ್ಲ.

2011ರ ಸ್ಕೈರಿಮ್ ಆಟದ ಹೊತ್ತಿಗೆ ಪರಿಸ್ಥಿತಿ ಎಷ್ಟೋ ವಾಸಿ. ಅಲ್ಲಿ ಆಟದ ಪ್ರತಿಯೊಂದು ವಸ್ತುವಿಗೂ ಒಂದೊಂದು ದಾಖಲೆ ಇದೆ, ಮಾಡ್ ತನಗೆ ಬೇಕಾದ ದಾಖಲೆಗಳನ್ನಷ್ಟೇ ಮುಟ್ಟುತ್ತದೆ. ಆದರೆ ಒಂದೇ ದಾಖಲೆಯನ್ನು ಇಬ್ಬರು ಮುಟ್ಟಿದರೆ ಕೊನೆಗೆ ಲೋಡ್ ಆದವನದ್ದೇ ಉಳಿಯುತ್ತದೆ. ಕತ್ತಿಯ ಬೆಲೆಯನ್ನು ಒಬ್ಬ ಬದಲಾಯಿಸಿದ, ತೂಕವನ್ನು ಇನ್ನೊಬ್ಬ ಬದಲಾಯಿಸಿದ. ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಸಂಬಂಧವೇ ಇಲ್ಲ. ಆದರೂ ಮೊದಲನೆಯವನ ಬೆಲೆ ಮಾಯ, ಯಾಕೆಂದರೆ ಎರಡನೆಯವನು ದಾಖಲೆಯ ಪೂರ್ತಿ ನಕಲನ್ನು ಹೊತ್ತು ತಂದಿರುತ್ತಾನೆ, ಅದರಲ್ಲಿ ಹಳೇ ಬೆಲೆಯೇ ಇರುತ್ತದೆ. ಪೆಟ್ಟಿಗೆಯಲ್ಲಿ ಏನೇನು ಸಿಗಬೇಕು ಅನ್ನುವ ಪಟ್ಟಿಗಳಿಗೆ ಇದು ಜಾಸ್ತಿ ಕಾಡುತ್ತಿತ್ತು. ಅವನ್ನು ಬೆರೆಸಿ ಒಂದು ಪ್ಯಾಚ್ (ತೇಪೆ ಫೈಲ್) ಮಾಡಿಕೊಡಲು ರೈ ಬ್ಯಾಶ್ ಅನ್ನುವ ಬೇರೆಯೇ ಉಪಕರಣ ಬಳಕೆಯಲ್ಲಿದೆ.

ಇಲ್ಲಿಂದ ಒಂದು ವಿಷಯ ಹೊಳೆಯುತ್ತದೆ. ‘ಕತ್ತಿ ಹೀಗಿರಲಿ’ ಅಂತ ಪೂರ್ತಿ ಕತ್ತಿಯನ್ನು ಬರೆದುಕೊಡುವುದು ಒಂದು ರೀತಿ. ‘ಕತ್ತಿಯ ತೂಕ ಮಾತ್ರ 5 ಮಾಡು, ಬೇರೇನೂ ಮುಟ್ಟಬೇಡ’ ಅನ್ನುವುದು ಇನ್ನೊಂದು. ಎರಡನೆಯ ರೀತಿಯಲ್ಲಿ ಬರೆದವರು ಎಷ್ಟು ಜನ ಬಂದರೂ ಹೊಂದಿಕೊಂಡು ಹೋಗಬಹುದು. 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟದಲ್ಲಿ ಕಂಟೆಂಟ್ ಪ್ಯಾಚರ್ ಅನ್ನುವ ಮಾಡ್ ಇದನ್ನೇ ಮಾಡುತ್ತದೆ. ಫೈಲನ್ನು ಇಡಿಯಾಗಿ ಬದಲಿಸುತ್ತೇವೆ ಅಂತ ಇಬ್ಬರು ಬಂದರೆ ಗಲಾಟೆ. ಇದ್ದ ಫೈಲಿನ ಒಂದೊಂದು ಸಾಲು ತಿದ್ದುತ್ತೇವೆ ಅಂದರೆ ಹತ್ತು ಮಾಡ್ ಬಂದರೂ ಸರಿ.

ಸರಿ, ನಮ್ಮ ತೋಟಕ್ಕೆ ಬರೋಣ.

ಹೆಸರಿನ ಜಗಳ ಬಗೆಹರಿಸುವುದು ಸುಲಭ. ಕಾಫಿ ಮಾಡ್‌ನಲ್ಲೂ ‘ಗಿಡ’ ಇದೆ, ಇನ್ನೊಂದು ಮಾಡ್‌ನಲ್ಲೂ ‘ಗಿಡ’ ಇದೆ ಅಂದುಕೊಳ್ಳಿ. ಲುವಾಂಟಿಯಲ್ಲಿ ಪ್ರತಿ ಬ್ಲಾಕಿನ ಹೆಸರಿನ ಮುಂದೆ ಮಾಡ್‌ನ ಹೆಸರು ಇರಲೇಬೇಕು. ‘ಕಾಫಿ:ಗಿಡ’ ಬೇರೆ, ‘ಮೆಣಸು:ಗಿಡ’ ಬೇರೆ. (ನಿಜವಾದ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿರಬೇಕು. ಓದಲು ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಕೋಡಿನ ಒಳಗಿನ ವೇರಿಯಬಲ್‌ಗಳ (ಲೆಕ್ಕ, ಮಾಹಿತಿ ಹಿಡಿದಿಡುವ ಹೆಸರುಗಳ) ವಿಷಯದಲ್ಲಿ ಮಾತ್ರ ಇಷ್ಟು ಬಿಗಿ ಇಲ್ಲ. ಎಲ್ಲ ಮಾಡ್‌ಗಳೂ ಒಂದೇ ಲುವಾ ಪರಿಸರದಲ್ಲಿ ಓಡುತ್ತವೆ. ‘ಲೋಕಲ್’ ಅನ್ನುವ ಪದ ಮರೆತು ‘ಎಣಿಕೆ’ ಅಂತ ಒಂದು ವೇರಿಯಬಲ್ ಇಟ್ಟರೆ ಅದು ಊರಿಗೆಲ್ಲ ಕಾಣುತ್ತದೆ. ಇನ್ನೊಂದು ಮಾಡ್ ಕೂಡ ಹಾಗೇ ಮಾಡಿದ್ದರೆ ಇಬ್ಬರ ಎಣಿಕೆಯೂ ಹಾಳು. ಎಲ್ಲವನ್ನೂ ಲೋಕಲ್ ಇಟ್ಟು, ಹೊರಗಿನವರಿಗೆ ತೋರಿಸಬೇಕಾದ್ದನ್ನು ಮಾತ್ರ ಮಾಡ್‌ನ ಹೆಸರಿನದೇ ಒಂದು ಟೇಬಲ್‌ನಲ್ಲಿ ಹಾಕಿದರೆ ಮುಗಿಯಿತು.

ಮೆಣಸಿನ ಬಳ್ಳಿಯ ಕಥೆ ಇದಕ್ಕಿಂತ ಸ್ವಾರಸ್ಯ. ಬಳ್ಳಿ ಹಬ್ಬಲು ಮರ ಬೇಕು. ಪೊನ್ನಂಪೇಟೆಯ ಹುಡುಗಿ ಮೊದಲು ಏನು ಬರೆಯುತ್ತಾಳೆ? ‘ಪಕ್ಕದಲ್ಲಿ ಸಿಲ್ವರ್ ಓಕ್ ಇದ್ದರೆ ಹತ್ತು’ ಅಂತ. ಆಮೇಲೆ ಹಾಲುವಾಣ ನೆನಪಾಗುತ್ತದೆ, ಅದನ್ನೂ ಸೇರಿಸುತ್ತಾಳೆ. ಹಲಸಿನ ಮರಕ್ಕೂ ಬಳ್ಳಿ ಬಿಡುತ್ತಾರಲ್ಲ, ಅದೂ ಸೇರಿತು. ನಾಳೆ ಇನ್ಯಾರೋ ನಂದಿ ಮರದ ಮಾಡ್ ತಂದರೆ ಬಳ್ಳಿ ಅದನ್ನು ಹತ್ತುವುದಿಲ್ಲ. ಆ ಮರದ ಹೆಸರು ಪಟ್ಟಿಯಲ್ಲಿ ಇಲ್ಲ, ಅಷ್ಟೇ. ಹೊಸ ಮರ ಬಂದಾಗಲೆಲ್ಲ ಅವಳು ಕೂತು ತಿದ್ದಬೇಕು. ಪರೀಕ್ಷೆಗೆ ಓದುವುದು ಯಾವಾಗ?

ಆದ್ದರಿಂದ ಹೆಸರು ಕೇಳಬಾರದು, ಗುಣ ಕೇಳಬೇಕು. ಲುವಾಂಟಿಯಲ್ಲಿ ಪ್ರತಿ ಬ್ಲಾಕಿಗೂ ಗುಂಪುಗಳಿರುತ್ತವೆ. ಮರ ಬರೆದವನು ಅದನ್ನು ‘ಮರ’ ಅನ್ನುವ ಗುಂಪಿಗೆ ಸೇರಿಸಿರುತ್ತಾನೆ. ಬಳ್ಳಿ ‘ಮರ ಗುಂಪಿನದ್ದು ಏನಾದರೂ ಪಕ್ಕದಲ್ಲಿದೆಯಾ’ ಅಂತ ಕೇಳಿದರೆ ಸಾಕು. ನಂದಿ ಮರ ತಂದವನಿಗೆ ಮೆಣಸಿನ ಮಾಡ್ ಇದೆ ಅಂತಲೇ ಗೊತ್ತಿರಬೇಕಿಲ್ಲ. ಮೆಣಸಿನವಳಿಗೂ ನಂದಿ ಮರದ ಸುದ್ದಿ ತಿಳಿದಿರಬೇಕಿಲ್ಲ. ಆದರೂ ಬಳ್ಳಿ ಹತ್ತುತ್ತದೆ. ಮಾಡ್ ಬರೆಯುವುದರಲ್ಲಿ ನನಗೆ ಅತಿ ಖುಷಿ ಕೊಡುವ ಸಂಗತಿ ಇದೇ.

ಮೈನ್‌ಕ್ರಾಫ್ಟ್‌ನಲ್ಲೂ ಇದೇ ರಗಳೆ ಆಗಿತ್ತು. ಆಟದಲ್ಲಿ ತಾಮ್ರ ಇಲ್ಲದಿದ್ದ ಕಾಲದಲ್ಲಿ ಮಾಡ್ ಬರೆದವರು ತಮ್ಮ ತಮ್ಮ ತಾಮ್ರ ತಂದರು. ಒಬ್ಬನ ತಾಮ್ರ ಇನ್ನೊಬ್ಬನ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಪೆಟ್ಟಿಗೆ ತುಂಬ ಬಗೆಬಗೆಯ ತಾಮ್ರ, ಯಾವುದೂ ಉಪಯೋಗಕ್ಕಿಲ್ಲ. ಆಗ ಮೈನ್‌ಕ್ರಾಫ್ಟ್‌ಗೆ ಮಾಡ್ ಹಾಕಲು ಬಳಸುವ ಫೋರ್ಜ್ ಅನ್ನುವ ಉಪಕರಣದವರು ಅದಿರಿನ ನಿಘಂಟು ಅಂತ ಒಂದು ವ್ಯವಸ್ಥೆ ಮಾಡಿದರು. ‘ಇದು ತಾಮ್ರದ ಗಟ್ಟಿ’ ಅಂತ ಅಲ್ಲಿ ನಮೂದಿಸಿದರೆ ಯಾರ ಯಂತ್ರಕ್ಕಾದರೂ ಸಲ್ಲುತ್ತಿತ್ತು. 2018ರಲ್ಲಿ ಬಂದ 1.13ನೇ ಆವೃತ್ತಿಯಿಂದ ಆಟದಲ್ಲೇ ಟ್ಯಾಗ್‌ಗಳು ಬಂದು ಆ ಕೆಲಸವನ್ನು ವಹಿಸಿಕೊಂಡವು. ಆಟಕ್ಕೆ ಸ್ವಂತ ತಾಮ್ರ ಬಂದಿದ್ದು 2021ರಲ್ಲಿ.

ಇನ್ನು ಮಳೆ ಮತ್ತು ಹೂವು. ಕೊಡಗಿನವರಿಗೆ ಹೇಳಬೇಕಾಗಿಲ್ಲ, ಫೆಬ್ರವರಿ–ಮಾರ್ಚ್‌ನ ಹೂ ಮಳೆ ಬಿದ್ದರೇನೇ ರೋಬಸ್ಟಾ ಅರಳುವುದು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಹಾಗಾದರೆ ಆಟದಲ್ಲಿ ಕಾಫಿ ಮಾಡ್‌ಗೆ ಮಳೆ ಬಂದಿದ್ದು ಗೊತ್ತಾಗುವುದು ಹೇಗೆ?

ಕೆಟ್ಟ ದಾರಿ ಎರಡಿವೆ. ಮಳೆ ಮಾಡ್‌ನವನು ತನ್ನ ಕೋಡಿನೊಳಗೆ ‘ಕಾಫಿ ಗಿಡ ಕಂಡರೆ ಹೂ ಬಿಡಿಸು’ ಅಂತ ಬರೆಯಬಹುದು. ಆಮೇಲೆ ಭತ್ತದ ಮಾಡ್‌ನವನು ಬಂದು ನನ್ನದನ್ನೂ ಸೇರಿಸು ಅನ್ನುತ್ತಾನೆ, ಏಲಕ್ಕಿಯವನು ಸಾಲು ನಿಲ್ಲುತ್ತಾನೆ. ಇಲ್ಲವೇ ಕಾಫಿಯವನು ಮಳೆ ಮಾಡ್‌ನ ಫಂಕ್ಷನನ್ನೇ (ಒಂದು ಕೆಲಸ ಮಾಡುವ ಕೋಡಿನ ತುಂಡನ್ನೇ) ಕಿತ್ತು ತನ್ನದನ್ನು ಅಲ್ಲಿ ಕೂರಿಸಬಹುದು. ನಡೆಯುತ್ತದೆ, ಇನ್ನೊಬ್ಬನಿಗೂ ಅದೇ ಉಪಾಯ ಹೊಳೆಯುವವರೆಗೆ.

ಒಳ್ಳೆ ದಾರಿ ಅಂದರೆ ಮಳೆ ಮಾಡ್ ಸುಮ್ನೆ ಸಾರಿ ಹೇಳುವುದು: ‘ಇಂಥ ಜಾಗದಲ್ಲಿ ಇಷ್ಟು ಮಳೆ ಆಯಿತು.’ ಅದು ತನ್ನ ಬಳಿ ಒಂದು ಖಾಲಿ ಪಟ್ಟಿ ಇಟ್ಟುಕೊಳ್ಳುತ್ತದೆ. ಸುದ್ದಿ ಬೇಕಾದವರು ತಮ್ಮ ಫಂಕ್ಷನನ್ನು ಆ ಪಟ್ಟಿಗೆ ಸೇರಿಸುತ್ತಾರೆ. ಮಳೆ ಬಂದಾಗ ಪಟ್ಟಿಯಲ್ಲಿರುವ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತದೆ. ಕಾಫಿ, ಭತ್ತ, ಏಲಕ್ಕಿ ಯಾರು ಕೇಳುತ್ತಿದ್ದಾರೆ ಅಂತ ಮಳೆಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಲುವಾಂಟಿ ಎಂಜಿನ್ ಕೂಡ ಹೀಗೇ. ಆಟಗಾರ ಒಳಗೆ ಬಂದಾಗ, ಬ್ಲಾಕ್ ಅಗೆದಾಗ, ಅದನ್ನು ಕೇಳಿಕೊಂಡಿರುವ ಎಲ್ಲ ಮಾಡ್‌ಗಳಿಗೂ ಸುದ್ದಿ ಹೋಗುತ್ತದೆ. ಫ್ಯಾಕ್ಟೋರಿಯೊದಲ್ಲಿ ಒಂದು ಚಿಕ್ಕ ಬಲೆ ಇದೆ: ಬೇರೆ ಬೇರೆ ಮಾಡ್‌ಗಳು ಒಂದೇ ಸುದ್ದಿಗೆ ಕಾಯಬಹುದು, ಆದರೆ ಒಂದೇ ಮಾಡ್ ಒಂದೇ ಸುದ್ದಿಗೆ ಎರಡು ಸಲ ಹೆಸರು ಕೊಟ್ಟರೆ ಮೊದಲಿನದು ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಸುದ್ದಿಯಲ್ಲಿ ಏನಿರುತ್ತದೆ ಅನ್ನುವುದನ್ನೂ ಸ್ಪಷ್ಟವಾಗಿ ಬರೆದಿಡಬೇಕು. ನಮ್ಮ ತೋಟದವರು ಮಳೆಯನ್ನು ಇಂಚು–ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ಹವಾಮಾನದ ವರದಿಯಲ್ಲಿ ಬರುವುದು ಮಿಲಿಮೀಟರ್. ಮಳೆ ಮಾಡ್ 1 ಅಂತ ಕಳಿಸಿತು, ಅದು 1 ಮಿಲಿಮೀಟರ್. ಕಾಫಿ ಮಾಡ್ ಅದನ್ನು 1 ಇಂಚು ಅಂತ ಓದಿತು. 25.4 ಪಟ್ಟು ವ್ಯತ್ಯಾಸ! ಎರಡು ಹನಿ ಬಿದ್ದದ್ದಕ್ಕೆ ಇಡೀ ತೋಟ ಬೆಳ್ಳಗೆ ಅರಳಿ ನಿಲ್ಲುತ್ತದೆ. ಯಾವ ಎರರ್ ಮೆಸೇಜೂ ಬರುವುದಿಲ್ಲ, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲಿನಲ್ಲೂ ಸುಳಿವಿಲ್ಲ. ಇಂಥ ಬಗ್ ಹುಡುಕುವುದೇ ಕಷ್ಟ. ಹಾಗಾಗಿ ಫಂಕ್ಷನ್ನಿನ ಮೇಲೊಂದು ಸಾಲು, ‘ಮಳೆ ಮಿಲಿಮೀಟರಿನಲ್ಲಿ, ಒಂದು ಆಟದ ದಿನಕ್ಕೆ’ ಅಂತ ಬರೆದಿಡುವುದು ನೂರು ಸಾಲು ಕೋಡಿಗಿಂತ ಮೇಲು.

ಕೇಳುವವರಲ್ಲಿ ಒಬ್ಬನ ಕೋಡ್ ಒಡೆದರೆ? ಲುವಾಂಟಿಯಲ್ಲಿ ಹಿಡಿಯದೆ ಬಿಟ್ಟ ತಪ್ಪು ಸರ್ವರನ್ನೇ ಮಲಗಿಸುತ್ತದೆ. ಏಲಕ್ಕಿಯವನ ತಪ್ಪಿಗೆ ಎಲ್ಲರ ಆಟವೂ ಬಂದ್. ತಪ್ಪಾದರೆ ಆಟ ನಿಲ್ಲದಂತೆ ಹಿಡಿದುಕೊಳ್ಳುವ ಲುವಾದ ಪಿಕಾಲ್ ಬಳಸಿ ಒಬ್ಬೊಬ್ಬರನ್ನೂ ಕಾಪಿಟ್ಟು ಕರೆಯಬಹುದು. ಆದರೆ ಹಿಡಿದ ತಪ್ಪನ್ನು ನುಂಗಿಕೊಂಡು ಸುಮ್ಮನಿರಬೇಡಿ, ಯಾವ ಮಾಡ್‌ನದು ಅಂತ ಲಾಗ್‌ನಲ್ಲಿ ಬರೆಯಿರಿ.

ಈಗ ಕೆಸರಿನ ಸಮಸ್ಯೆ. ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಆಟಗಾರನ ಓಟದ ವೇಗ 1 ಅಂತ ಇರುತ್ತದೆ. ಮಳೆ ಮಾಡ್ ಕೆಸರಿನಲ್ಲಿ ಅದನ್ನು 0.5 ಮಾಡುತ್ತದೆ. ಕಾಫಿ ಮಾಡ್‌ನಲ್ಲಿ ಗಮ್‌ಬೂಟ್ ಕೂಡ ಇದೆ, ಹಾಕಿಕೊಂಡರೆ 1.5. ಬೂಟ್ ಹಾಕಿ ಕೆಸರಿಗೆ ಇಳಿದಿರಿ, ವೇಗ 0.5 ಆಯಿತು. ಬೂಟಿನ ಲಾಭ ಎಲ್ಲಿ ಹೋಯಿತೋ. ಕೆಸರು ದಾಟಿದಿರಿ, ಮಳೆ ಮಾಡ್ ‘ನನ್ನ ಕೆಲಸ ಮುಗೀತು’ ಅಂತ ವೇಗವನ್ನು 1ಕ್ಕೆ ತಂದಿಟ್ಟಿತು. ಬೂಟ್ ಕಾಲಲ್ಲೇ ಇದೆ, ಪರಿಣಾಮ ಇಲ್ಲ. ಕಾಫಿ ಮಾಡ್ ಅದನ್ನು ಗಮನಿಸಿ ಮತ್ತೆ ಮತ್ತೆ 1.5 ಬರೆಯತೊಡಗಿದರೆ, ಮುಂದಿನ ಸಲ ಕೆಸರಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಪರಿಸ್ಥಿತಿ. ಆಟಗಾರ ತಡೆತಡೆದು ಓಡುತ್ತಾನೆ.

ಇಬ್ಬರೂ ಕೊನೆಯ ಸಂಖ್ಯೆಯನ್ನೇ ನೇರವಾಗಿ ಬರೆಯುತ್ತಿರುವುದು ತೊಂದರೆ. ವೇಗ ಬರೆಯುವ ಹಕ್ಕನ್ನು ಇಬ್ಬರಿಂದಲೂ ತೆಗೆದು ಮೂರನೆಯ ಪುಟ್ಟ ಮಾಡ್‌ಗೆ ಕೊಡಬೇಕು. ಉಳಿದವರು ಅದಕ್ಕೆ ತಮ್ಮ ಪಾಲನ್ನಷ್ಟೇ ಹೆಸರಿನೊಂದಿಗೆ ಹೇಳುತ್ತಾರೆ: ‘ಕೆಸರು: 0.5’, ‘ಬೂಟ್: 1.5’. ಅದು ಎಲ್ಲವನ್ನೂ ಗುಣಿಸಿ 0.75 ಅಂತ ಬರೆಯುತ್ತದೆ. ಕೆಸರು ಮುಗಿದಾಗ ಮಳೆ ಮಾಡ್ ‘ಕೆಸರು ತೆಗಿ’ ಅನ್ನುತ್ತದೆ, ಉಳಿಯುವುದು ಬೂಟಿನ 1.5. ಯಾರ ಕೆಲಸವೂ ಯಾರದನ್ನೂ ಅಳಿಸಲಿಲ್ಲ. ಲುವಾಂಟಿಯಲ್ಲಿ ಪ್ಲೇಯರ್ ಮೊನಾಯ್ಡ್ಸ್ ಅನ್ನುವ ಮಾಡ್ ಇರುವುದೇ ಈ ಕೆಲಸಕ್ಕೆ.

ಗುಣಿಸುವುದನ್ನೇ ಆರಿಸಿಕೊಂಡಿದ್ದು ಯಾಕೆ? ಯಾರು ಮೊದಲು, ಯಾರು ಆಮೇಲೆ ಅನ್ನುವುದು ಗುಣಾಕಾರಕ್ಕೆ ಬೇಕಿಲ್ಲ. ಬೂಟಿನವನು ‘0.5 ಕೂಡಿಸು’, ಕೆಸರಿನವನು ‘0.5ರಿಂದ ಗುಣಿಸು’ ಅಂದಿದ್ದರೆ ನೋಡಿ: ಮೊದಲು ಕೂಡಿಸಿದರೆ 0.75, ಮೊದಲು ಗುಣಿಸಿದರೆ 1. ಅದೇ ಎರಡು ಮಾಡ್, ಎರಡು ಉತ್ತರ. ಎಲ್ಲರಿಗೂ ಒಂದೇ ಲೆಕ್ಕದ ನಿಯಮ ಇಟ್ಟರೆ ಕ್ರಮದ ತಲೆನೋವು ಅರ್ಧ ಕಡಿಮೆಯಾಗುತ್ತದೆ.

ಉಳಿದ ಅರ್ಧಕ್ಕೆ ಅವಲಂಬನೆಯನ್ನು ಬಾಯಿಬಿಟ್ಟು ಹೇಳಬೇಕು. ಪ್ರತಿ ಮಾಡ್‌ನ ಜೊತೆ ಮಾಡ್.ಕಾನ್ಫ್ ಅನ್ನುವ ಫೈಲ್ ಇರುತ್ತದೆ. ‘ಇದಿಲ್ಲದೆ ನಾನಿಲ್ಲ’ ಅನ್ನುವ ಮಾಡ್‌ಗಳದ್ದು ಒಂದು ಸಾಲು, ‘ಇದ್ದರೆ ಒಳ್ಳೇದು’ ಅನ್ನುವವುಗಳದ್ದು ಇನ್ನೊಂದು. ಎಂಜಿನ್ ಇವನ್ನು ಓದಿ ಯಾರನ್ನು ಮೊದಲು ಲೋಡ್ ಮಾಡಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಕಾಫಿಗೆ ಮಳೆ ಎರಡನೆಯ ಸಾಲಿನಲ್ಲಿದ್ದರೆ ಸಾಕು. ಮಳೆ ಮಾಡ್ ಹಾಕದವರ ಲೋಕದಲ್ಲಿ ಆಟದ ದಿನ ಎಣಿಸಿ ಹೂ ಬಿಡಿಸಿದರಾಯಿತು. ಕಾಫಿಗೆ ಮಳೆ ಬೇಕೇ ಬೇಕು, ಮಳೆಗೆ ಕಾಫಿ ಬೇಕೇ ಬೇಕು ಅಂತ ಇಬ್ಬರೂ ಮೊದಲ ಸಾಲಿನಲ್ಲಿ ಬರೆದರೆ ಯಾರನ್ನೂ ಮೊದಲು ಲೋಡ್ ಮಾಡಲಾಗುವುದಿಲ್ಲ. ಆಗ ಇಬ್ಬರಿಗೂ ಬೇಕಾದ ಭಾಗವನ್ನು ಕಿತ್ತು ಮೂರನೇ ಮಾಡ್ ಮಾಡುವುದೇ ದಾರಿ. ಫ್ಯಾಕ್ಟೋರಿಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಲೋಡ್ ಮಾಡುವುದನ್ನೇ ಮೂರು ಸುತ್ತು ಮಾಡಿದೆ: ಮೊದಲ ಸುತ್ತಿನಲ್ಲಿ ಎಲ್ಲರೂ ತಮ್ಮ ವಸ್ತು ತರುತ್ತಾರೆ, ಎರಡನೆಯದರಲ್ಲಿ ಬೇರೆಯವರದ್ದನ್ನು ತಿದ್ದುತ್ತಾರೆ, ಮೂರನೆಯದು ಕೊನೆಯ ರಿಪೇರಿಗೆ. ಎಲ್ಲರೂ ಕೊನೆಯ ಸುತ್ತಿಗೇ ನುಗ್ಗಿದರೆ ಮೂರು ಸುತ್ತು ಇಟ್ಟಿದ್ದೂ ವ್ಯರ್ಥ, ಅಲ್ವಾ.

ಎರಡೆರಡು ಮಾಡ್‌ಗಳ ನಡುವೆ ಒಂದೊಂದು ಸೇತುವೆ ಮಾಡ್ ಬರೆದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. 10 ಮಾಡ್‌ಗಳಿದ್ದರೆ 45 ಜೋಡಿ. 30 ಇದ್ದರೆ 435. ಬರೆಯುವವರು ಯಾರು?

ಇಷ್ಟೆಲ್ಲ ಮಾಡಿದರೂ ಒಂದಲ್ಲ ಒಂದು ದಿನ ಆಟ ಕೆಡುತ್ತದೆ. 30 ಮಾಡ್ ಹಾಕಿದ್ದೀರಿ, ಯಾವುದರದ್ದು ತಪ್ಪು? ಅರ್ಧ ತೆಗೆದು ನೋಡಿ. ತೊಂದರೆ ಉಳಿದರೆ ಅದು ಇಟ್ಟ ಅರ್ಧದಲ್ಲಿದೆ, ಹೋದರೆ ತೆಗೆದ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಐದು ಸುತ್ತಿನಲ್ಲಿ ಒಂದಕ್ಕೆ ಬರುತ್ತೀರಿ. ಆದರೆ ನಮ್ಮ ಕಾಫಿ–ಮಳೆಯಂತೆ ಜಗಳ ಇಬ್ಬರ ನಡುವೆ ಇದ್ದು, ಒಬ್ಬ ಈ ಅರ್ಧಕ್ಕೂ ಇನ್ನೊಬ್ಬ ಆ ಅರ್ಧಕ್ಕೂ ಬಿದ್ದರೆ, ಎರಡು ಅರ್ಧಗಳೂ ಸರಿಯಾಗಿ ಓಡುತ್ತವೆ. ಗಾಬರಿ ಬೇಡ, ಅದೇ ಸುಳಿವು: ಇದು ಜೋಡಿ ಜಗಳ. ಒಂದು ಅರ್ಧವನ್ನು ಪೂರ್ತಿ ಇಟ್ಟುಕೊಂಡು ಇನ್ನೊಂದನ್ನು ಮಾತ್ರ ಕತ್ತರಿಸುತ್ತಾ ಹೋಗಿ. ಒಬ್ಬ ಸಿಕ್ಕ ಮೇಲೆ ಅವನನ್ನು ಇಟ್ಟುಕೊಂಡು ಆ ಕಡೆಯನ್ನು ಕತ್ತರಿಸಿ. ಹುಡುಕುವ ಮೊದಲು ಲೋಕದ ಒಂದು ನಕಲು ಇಟ್ಟುಕೊಳ್ಳಿ. ಮಾಡ್ ತೆಗೆದಾಗ ಅದರ ಬ್ಲಾಕ್‌ಗಳೆಲ್ಲ ‘ಗೊತ್ತಿಲ್ಲದ ಬ್ಲಾಕ್’ ಆಗಿ ಕಾಣುತ್ತವೆ, ನೆಟ್ಟ ತೋಟ ನೋಡಲು ಹೊಟ್ಟೆ ಉರಿಯುತ್ತದೆ.

ಕೋಡಿನಿಂದ ಬಗೆಹರಿಯದ ಜಗಳವೂ ಇದೆ. ನಾಲ್ಕನೆಯವನು ಆನೆ ಮಾಡ್ ತಂದ ಅಂದುಕೊಳ್ಳಿ. ಅವನ ಆನೆ ಹಲಸಿನ ವಾಸನೆ ಹಿಡಿದು ಬರುತ್ತದೆ, ಬೇಲಿ ಮುರಿದೇ ಮುರಿಯುತ್ತದೆ. ಐದನೆಯವಳದ್ದು ಬೇಲಿ ಮಾಡ್, ಅದರಲ್ಲಿ ರೈಲ್ವೆ ಕಂಬಿಯ ಬೇಲಿಯನ್ನು ಯಾರೂ ಮುರಿಯಲಾಗದು. ಇಬ್ಬರೂ ಗುಂಪು ಬಳಸಿದ್ದಾರೆ, ಸುದ್ದಿ ಸಾರಿದ್ದಾರೆ, ಅವಲಂಬನೆ ಬರೆದಿದ್ದಾರೆ, ಎಲ್ಲ ಸರಿ. ಆದರೂ ಆನೆ ಬೇಲಿಯ ಮುಂದೆ ನಿಂತಾಗ ಏನಾಗಬೇಕು? ಅದನ್ನು ಇಬ್ಬರಲ್ಲಿ ಯಾರೂ ಕೋಡಿನೊಳಗೆ ಗಟ್ಟಿ ಮಾಡಿಡಬಾರದು. ಸೆಟ್ಟಿಂಗ್‌ನಲ್ಲಿ ‘ಆನೆ ಕಂಬಿ ಬೇಲಿ ಮುರಿಯಬಹುದೇ’ ಅಂತ ಒಂದು ಸಾಲು ಇಟ್ಟರೆ, ಸರ್ವರ್ ನಡೆಸುವವರು ಜೊತೆಗೆ ಆಡುವವರನ್ನು ಕೇಳಿ ಹೌದು ಅಥವಾ ಇಲ್ಲ ಅಂತ ಬರೆದುಕೊಳ್ಳುತ್ತಾರೆ.